ಎನ್‌ಎಂಆರ್ ಪ್ರಯೋಗಕ್ಕೆ ಡ್ಯುಟೀರಿಯಂ ದ್ರಾವಕ: ಆರಿಸುವ, ಬಳಸುವ, ಕಾಪಾಡುವ ಬಗೆ

ಎನ್‌ಎಂಆರ್ (ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್, ಅಂದರೆ ಕಾಂತಕ್ಷೇತ್ರದಲ್ಲಿಟ್ಟ ನ್ಯೂಕ್ಲಿಯಸ್ಸುಗಳ ಅನುರಣನದಿಂದ ಅಣುವಿನ ರಚನೆ ತಿಳಿಯುವ ವಿಧಾನ) ರೋಹಿತ ತೆಗೆಯಲು ಮಾದರಿಯನ್ನು ಸಿದ್ಧಪಡಿಸುವಾಗ ನಮ್ಮ ಗಮನವೆಲ್ಲ ಸಂಯುಕ್ತದ ಮೇಲಿರುತ್ತದೆ. ದ್ರಾವಕದ ವಿಷಯದಲ್ಲಿ ಅದು ಕರಗಿಸಿದರೆ ಸಾಕು ಎಂದು ಸುಮ್ಮನಾಗುತ್ತೇವೆ. ಆದರೆ ಟ್ಯೂಬಿನೊಳಗಿರುವ ಅಣುಗಳಲ್ಲಿ ಬಹುಪಾಲು ದ್ರಾವಕದವೇ. ಉಪಕರಣವು ಕಾಂತಕ್ಷೇತ್ರವನ್ನು ಅಲುಗದಂತೆ ಹಿಡಿದುಕೊಳ್ಳುವುದು, ಕ್ಷೇತ್ರದ ಏರುಪೇರುಗಳನ್ನು ಸಮಗೊಳಿಸಿಕೊಳ್ಳುವುದು, ಸಂಕೇತಗಳ ಸ್ಥಾನ ಹೇಳುವ ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ಅಳತೆಗೋಲನ್ನು ನೆಲೆಗೊಳಿಸುವುದು ಎಲ್ಲವೂ ನಡೆಯುವುದು ದ್ರಾವಕದ ನೆರವಿನಿಂದ. ಸಂಯುಕ್ತವನ್ನು ಓದುವ ಮೊದಲು ದ್ರಾವಕವನ್ನು ಓದಲು ಕಲಿಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ರೋಹಿತ ಕೈಗೆ ಬಂದ ಮೇಲೆ ಹುಟ್ಟುವ ಗೊಂದಲಗಳಲ್ಲಿ ಹೆಚ್ಚಿನವು ದ್ರಾವಕದ ಆಯ್ಕೆಯಲ್ಲಿ, ಅದರೊಳಗಿನ ನೀರಿನಲ್ಲಿ ಅಥವಾ ಟ್ಯೂಬಿನ ಸ್ವಚ್ಛತೆಯಲ್ಲಿ ಬೇರುಬಿಟ್ಟಿರುತ್ತವೆ.

ಡ್ಯುಟೀರಿಯಂ ಏಕೆ ಬೇಕು

ಡ್ಯುಟೀರಿಯಂ ಎಂದರೆ ನ್ಯೂಕ್ಲಿಯಸ್ಸಿನಲ್ಲಿ ಒಂದು ಪ್ರೋಟಾನಿನ ಜೊತೆ ಒಂದು ನ್ಯೂಟ್ರಾನ್ ಕೂಡ ಇರುವ ಹೈಡ್ರೋಜನ್. ಹೆರಾಲ್ಡ್ ಯೂರಿ ಮತ್ತು ಅವರ ಸಹೋದ್ಯೋಗಿಗಳು 1931ರಲ್ಲಿ ಇದನ್ನು ಗುರುತಿಸಿದರು. 1934ರ ರಸಾಯನಶಾಸ್ತ್ರ ನೊಬೆಲ್ ಯೂರಿಯವರಿಗೆ ಸಂದಿತು. ನಿಸರ್ಗದ ಹೈಡ್ರೋಜನ್‌ನಲ್ಲಿ ಇದರ ಪಾಲು ಶೇಕಡಾ 0.015ರಷ್ಟು ಮಾತ್ರ ಇರುವುದರಿಂದ ಇದನ್ನು ಬೇರ್ಪಡಿಸುವುದು ಶ್ರಮದ, ಖರ್ಚಿನ ಕೆಲಸ. ಇದು ವಿಕಿರಣಶೀಲವಲ್ಲ, ಈ ಬಗ್ಗೆ ಹೊಸಬರಲ್ಲಿ ಅನುಮಾನ ಕಾಣುವುದುಂಟು, ಅದಕ್ಕೆ ಆಧಾರವಿಲ್ಲ. ವಿಕಿರಣ ಸೂಸುವ ಹೈಡ್ರೋಜನ್ ಟ್ರೀಟಿಯಂ.

ಪ್ರೋಟಾನ್ ರೋಹಿತಕ್ಕೆ, ಅಂದರೆ ಸಾಮಾನ್ಯ ಹೈಡ್ರೋಜನ್‌ಗಳ ಸಂಕೇತಗಳನ್ನು ತೋರಿಸುವ ರೋಹಿತಕ್ಕೆ, ಇದರಿಂದಾಗುವ ಉಪಯೋಗವನ್ನು ಒಂದು ಲೆಕ್ಕದಿಂದ ನೋಡಬಹುದು. ಅಣುತೂಕ 250 ಇರುವ ಸಂಯುಕ್ತದ 5 ಮಿಲಿಗ್ರಾಮನ್ನು 0.6 ಮಿಲಿಲೀಟರ್ ದ್ರಾವಕದಲ್ಲಿ ಕರಗಿಸಿದರೆ ದ್ರಾವಣ ಸುಮಾರು 33 ಮಿಲಿಮೋಲಾರ್ ಆಗುತ್ತದೆ. ಸಾಮಾನ್ಯ ಕ್ಲೋರೋಫಾರ್ಮ್‌ನಲ್ಲಿ ಕ್ಲೋರೋಫಾರ್ಮ್ ಅಣುಗಳ ಪ್ರಮಾಣ ಸುಮಾರು 12.4 ಮೋಲಾರ್. ಅಂದರೆ ದ್ರಾವಕದ ಒಂದೇ ಒಂದು ಹೈಡ್ರೋಜನ್‌ನ ಸಂಕೇತವು ಸಂಯುಕ್ತದ ಒಂದು ಹೈಡ್ರೋಜನ್‌ನ ಸಂಕೇತಕ್ಕಿಂತ ಸುಮಾರು 370 ಪಟ್ಟು ದೊಡ್ಡದಾಗಿ ನಿಲ್ಲುತ್ತದೆ. ಶೇಕಡಾ 99.8 ಡ್ಯುಟೀರಿಯಂ ಇರುವ ಕ್ಲೋರೋಫಾರ್ಮ್-ಡಿ (ಹೈಡ್ರೋಜನ್ ಜಾಗದಲ್ಲಿ ಡ್ಯುಟೀರಿಯಂ ಇರುವ ಕ್ಲೋರೋಫಾರ್ಮ್; ಮುಂದೆ ಬರುವ ಡಿ4, ಡಿ6 ಮುಂತಾದವುಗಳಲ್ಲಿನ ಅಂಕೆ ಅಣುವಿನಲ್ಲಿರುವ ಡ್ಯುಟೀರಿಯಂಗಳ ಸಂಖ್ಯೆ) ಬಳಸಿದಾಗ ಉಳಿಯುವ ಸಾಮಾನ್ಯ ಕ್ಲೋರೋಫಾರ್ಮ್ ಸುಮಾರು 25 ಮಿಲಿಮೋಲಾರ್. ಅದು ಸಂಯುಕ್ತದ ಒಂದು ಹೈಡ್ರೋಜನ್‌ನ ಸಂಕೇತಕ್ಕೆ ಹತ್ತಿರದ ಎತ್ತರ. ಇದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ಸಂಯುಕ್ತ 5 ಮಿಲಿಗ್ರಾಮ್ ಬದಲು ಅರ್ಧ ಮಿಲಿಗ್ರಾಮ್ ಮಾತ್ರ ಇದ್ದರೆ ಅದೇ ಉಳಿಕೆ ಸಂಕೇತ, ಅಂದರೆ ದ್ರಾವಕದಲ್ಲಿ ಉಳಿದ ಸಾಮಾನ್ಯ ಹೈಡ್ರೋಜನ್‌ನ ಸಂಕೇತ, ಸಂಯುಕ್ತದ ಒಂದು ಹೈಡ್ರೋಜನ್‌ನ ಸಂಕೇತಕ್ಕಿಂತ ಏಳೆಂಟು ಪಟ್ಟು ಎತ್ತರಕ್ಕೆ ಏರುತ್ತದೆ. ಶೇಕಡಾ 99.96ರಂತಹ ಹೆಚ್ಚು ಶುದ್ಧ ದರ್ಜೆಯ ದ್ರಾವಕವನ್ನು ಕೊಳ್ಳಬೇಕಾದದ್ದು ಅಂಥ ಸಂದರ್ಭಕ್ಕೆ. ದಿನನಿತ್ಯದ ಮಾದರಿಗಳಿಗೆ ಅದರ ಅಗತ್ಯವಿಲ್ಲ.

ಎರಡನೆಯ ಉಪಯೋಗ ಲಾಕ್. ಡ್ಯುಟೀರಿಯಂ ನ್ಯೂಕ್ಲಿಯಸ್ ಕೂಡ ಕಾಂತೀಯ ಅನುರಣನ ತೋರುತ್ತದೆ, ಆದರೆ ಬೇರೆ ಆವರ್ತನದಲ್ಲಿ: ಪ್ರೋಟಾನ್ 400 ಮೆಗಾಹರ್ಟ್ಜ್‌ನಲ್ಲಿ ಅನುರಣಿಸುವ ಉಪಕರಣದಲ್ಲಿ ಡ್ಯುಟೀರಿಯಂನದು 61.4 ಮೆಗಾಹರ್ಟ್ಜ್. ಉಪಕರಣವು ದ್ರಾವಕದ ಈ ಸಂಕೇತವನ್ನು ಎಡೆಬಿಡದೆ ಗಮನಿಸುತ್ತ, ಕಾಂತಕ್ಷೇತ್ರ ಸ್ವಲ್ಪ ಸರಿದರೂ ಅದನ್ನು ಹಿಂದಕ್ಕೆ ತರುತ್ತದೆ. ಹಾಗಾಗದಿದ್ದರೆ ರಾತ್ರಿಯಿಡೀ ನಡೆಯುವ ಇಂಗಾಲದ ರೋಹಿತದಲ್ಲಿ ಪ್ರತಿ ಗೆರೆಯೂ ಅಗಲವಾಗಿ ಹರಡಿಕೊಳ್ಳುತ್ತದೆ. ಶಿಮ್ಮಿಂಗ್, ಅಂದರೆ ಮಾದರಿಯ ಉದ್ದಗಲಕ್ಕೂ ಕ್ಷೇತ್ರವನ್ನು ಏಕರೂಪಗೊಳಿಸುವ ಕೆಲಸ, ಸಾಮಾನ್ಯವಾಗಿ ಇದೇ ಸಂಕೇತವನ್ನು ನೋಡಿಕೊಂಡೇ ನಡೆಯುತ್ತದೆ.

ದ್ರಾವಕವನ್ನು ಆರಿಸುವುದು

ಕರಗುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಇದನ್ನು ಪರೀಕ್ಷಿಸಲು ಡ್ಯುಟೀರಿಯಂ ದ್ರಾವಕವನ್ನು ಖರ್ಚುಮಾಡಬೇಕಾಗಿಲ್ಲ. ಒಂದು ಕಣದಷ್ಟು ಸಂಯುಕ್ತವನ್ನು ಚಿಕ್ಕ ಸೀಸೆಯಲ್ಲಿ ಹಾಕಿ ಸಾಮಾನ್ಯ ಕ್ಲೋರೋಫಾರ್ಮ್, ಅಸಿಟೋನ್, ಮೆಥನಾಲ್ ಅಥವಾ ಡಿಎಂಎಸ್‌ಒವನ್ನು (ಡೈಮೀಥೈಲ್ ಸಲ್ಫಾಕ್ಸೈಡ್) ಹನಿಹನಿಯಾಗಿ ಸೇರಿಸಿ ನೋಡಿದರೆ ಸಾಕು, ಏಕೆಂದರೆ ಕರಗಿಸುವ ಶಕ್ತಿಯಲ್ಲಿ ಎರಡು ರೂಪಗಳಿಗೂ ಗಣನೀಯ ವ್ಯತ್ಯಾಸವಿಲ್ಲ. ಹೈಡ್ರೋಕ್ಲೋರೈಡ್ ಲವಣಗಳಿಗೆ ಡಿಎಂಎಸ್‌ಒ, ಮೆಥನಾಲ್ ಅಥವಾ ಭಾರಜಲ (ಹೈಡ್ರೋಜನ್ ಬದಲು ಡ್ಯುಟೀರಿಯಂ ಇರುವ ನೀರು) ಒಗ್ಗುತ್ತವೆ, ಸಕ್ಕರೆಗಳಿಗೆ ಭಾರಜಲ, ಪೆಪ್ಟೈಡ್‌ಗಳಿಗೆ ಮತ್ತು ಸುಲಭವಾಗಿ ಕರಗದ ಹೆಟರೋಸೈಕಲ್‌ಗಳಿಗೆ ಡಿಎಂಎಸ್‌ಒ. ಉಳಿದ ಬಹುತೇಕ ಸಾವಯವ ಸಂಯುಕ್ತಗಳಿಗೆ ಕ್ಲೋರೋಫಾರ್ಮ್-ಡಿ ಸಾಕಾಗುತ್ತದೆ. ಅದು ಎಲ್ಲಕ್ಕಿಂತ ಅಗ್ಗ, ಬೇಗ ಆವಿಯಾಗುವುದರಿಂದ ಸಂಯುಕ್ತವನ್ನು ಹಿಂದಕ್ಕೆ ಪಡೆಯುವುದೂ ಸುಲಭ.

ಎರಡನೆಯ ಪ್ರಶ್ನೆ, ದ್ರಾವಕ ಸಂಯುಕ್ತದೊಡನೆ ವರ್ತಿಸುತ್ತದೆಯೇ ಎಂಬುದು. ಇದನ್ನು ಜನ ಹೆಚ್ಚಾಗಿ ಮರೆಯುತ್ತಾರೆ, ಇದರಿಂದಲೇ ಹೆಚ್ಚು ನಷ್ಟವಾಗುತ್ತದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕ್ಲೋರೋಫಾರ್ಮ್-ಡಿ ಗಾಳಿ ಮತ್ತು ಬೆಳಕಿಗೆ ಒಡ್ಡಿಕೊಂಡಾಗ ನಿಧಾನವಾಗಿ ಒಡೆದು ಫಾಸ್ಜೀನನ್ನೂ ಡ್ಯುಟೀರಿಯಂ ಕ್ಲೋರೈಡನ್ನೂ ಉತ್ಪಾದಿಸುತ್ತದೆ. ಎರಡನೆಯದು ಹೈಡ್ರೋಕ್ಲೋರಿಕ್ ಆಮ್ಲದ ಭಾರರೂಪ. ಅಸಿಟಾಲ್, ಟ್ರೈಟೈಲ್ ಈಥರ್, ಈನಾಲ್ ಈಥರ್ ಮುಂತಾದ ಆಮ್ಲ ತಾಳದ ಗುಂಪುಗಳಿರುವ ಸಂಯುಕ್ತ ಇಂಥ ಹಳೆಯ ಬಾಟಲಿಯ ದ್ರಾವಕದಲ್ಲಿ ಟ್ಯೂಬಿನೊಳಗೇ ಒಡೆದುಹೋಗಬಹುದು. ನೋಡಿದವರು ತಮ್ಮ ಶುದ್ಧೀಕರಣವೇ ಕೆಟ್ಟಿತೆಂದು ತಿಳಿಯುತ್ತಾರೆ. ಅಂಥ ಸಂಯುಕ್ತಗಳಿಗೆ ಬೆನ್ಜೀನ್-ಡಿ6 ಅಥವಾ ಅಸಿಟೋನೈಟ್ರೈಲ್-ಡಿ3 ಹೆಚ್ಚು ಸುರಕ್ಷಿತ. ಕ್ಲೋರೋಫಾರ್ಮ್ ಅನ್ನೇ ಬಳಸಬೇಕಾದರೆ, ಬಳಸುವ ಮುನ್ನ ಪಾಶ್ಚರ್ ಪಿಪೆಟ್ಟಿನಲ್ಲಿ ಬೆರಳುದ್ದದ ಬೇಸಿಕ್ ಅಲ್ಯುಮಿನಾ ತುಂಬಿ ಅದರ ಮೂಲಕ ಹಾಯಿಸಿಕೊಳ್ಳಬೇಕು.

ಮೆಥನಾಲ್-ಡಿ4 ಇನ್ನೊಂದು ಬಗೆಯಲ್ಲಿ ಮೋಸಗೊಳಿಸುತ್ತದೆ. ಆಸಿಡ್ ಕ್ಲೋರೈಡ್‌ಗಳು ಅದರೊಡನೆ ಕೂಡಲೇ ವರ್ತಿಸಿ ಎಸ್ಟರ್ ಆಗುತ್ತವೆ; ಆಮ್ಲವೋ ಪ್ರತ್ಯಾಮ್ಲವೋ ಇದ್ದರೆ ಇರುವ ಎಸ್ಟರ್‌ನ ಆಲ್ಕೋಹಾಲ್ ಭಾಗ ಬದಲಾಗಬಹುದು; ಆಲ್ಡಿಹೈಡ್‌ಗಳು ಹೆಮಿಅಸಿಟಾಲ್ ರೂಪಕ್ಕೆ ಹೋಗಬಹುದು. ಹೀಗೆ ಸೇರಿಕೊಂಡ ಮೆಥಾಕ್ಸಿ ಗುಂಪಿನಲ್ಲಿರುವುದು ಡ್ಯುಟೀರಿಯಂ ಆದ್ದರಿಂದ ಪ್ರೋಟಾನ್ ರೋಹಿತದಲ್ಲಿ ಅದರ ಗುರುತೇ ಕಾಣುವುದಿಲ್ಲ. ಅಸಿಟೋನ್-ಡಿ6 ಪ್ರಾಥಮಿಕ ಅಮೀನ್‌ಗಳೊಡನೆ ಇಮೀನ್ ಆಗುತ್ತದೆ. ಡಿಎಂಎಸ್‌ಒ ಆಸಿಡ್ ಕ್ಲೋರೈಡ್‌ಗಳೊಡನೆ ರಭಸದಿಂದ ವರ್ತಿಸುವುದರಿಂದ ಅವೆರಡನ್ನೂ ಎಂದೂ ಬೆರೆಸಬಾರದು. ಕ್ಲೋರೋಫಾರ್ಮ್ ಮತ್ತು ಡೈಕ್ಲೋರೋಮೀಥೇನ್ ಅಮೀನ್‌ಗಳೊಡನೆ ನಿಧಾನವಾಗಿ ವರ್ತಿಸುತ್ತವೆ. ಅಂಥ ಮಾದರಿಗಳನ್ನು ಕರಗಿಸಿದ ಕೂಡಲೇ ಅಳೆಯಬೇಕು, ವಾರಗಟ್ಟಲೆ ಟ್ಯೂಬಿನಲ್ಲಿ ಇಡಬಾರದು.

ಹೈಡ್ರೋಜನ್ ವಿನಿಮಯವೂ ಇದೇ ಪ್ರಶ್ನೆಯ ಒಂದು ಭಾಗ. ಭಾರಜಲ ಮತ್ತು ಮೆಥನಾಲ್-ಡಿ4ನಲ್ಲಿ ಹೈಡ್ರಾಕ್ಸಿಲ್, ಅಮೀನ್, ಥಯೋಲ್ ಗುಂಪುಗಳ ಹೈಡ್ರೋಜನ್ ತನ್ನ ಜಾಗವನ್ನು ಡ್ಯುಟೀರಿಯಂಗೆ ಬಿಟ್ಟುಕೊಡುತ್ತದೆ, ಅವುಗಳ ಸಂಕೇತ ಮಾಯವಾಗುತ್ತದೆ. 1,3-ಡೈಕಾರ್ಬೊನಿಲ್ ಸಂಯುಕ್ತಗಳಲ್ಲಿ ಎರಡು ಕಾರ್ಬೊನಿಲ್‌ಗಳ ನಡುವಿನ ಸಿಎಚ್2 ಕೂಡ ಹೀಗೆ ಬದಲಾಗುವುದುಂಟು. ಪ್ರತ್ಯಾಮ್ಲ ಇದ್ದಲ್ಲಿ ಸಾಧಾರಣ ಮೀಥೈಲ್ ಕೀಟೋನ್‌ಗಳ ಹೈಡ್ರೋಜನ್‌ಗಳೂ ಕ್ರಮೇಣ ಹೋಗುತ್ತವೆ. ಎನ್‌ಎಚ್, ಒಎಚ್ ಸಂಕೇತಗಳನ್ನು ನೋಡಲೇಬೇಕೆಂದರೆ ಡಿಎಂಎಸ್‌ಒ-ಡಿ6 ಅತ್ಯುತ್ತಮ ಆಯ್ಕೆ: ಅದು ಹೈಡ್ರೋಜನ್ ಬಂಧದ ಮೂಲಕ ಅವನ್ನು ಹಿಡಿದಿಟ್ಟು ವಿನಿಮಯವನ್ನು ನಿಧಾನಗೊಳಿಸುವುದರಿಂದ, ಒಎಚ್ ಸಂಕೇತವು ನೆರೆಯ ಹೈಡ್ರೋಜನ್‌ಗಳಿಂದ ಸೀಳಿಕೊಂಡದ್ದನ್ನೂ ಅನೇಕ ಸಲ ಕಾಣಬಹುದು.

ಮೂರನೆಯದು, ಉಳಿಕೆ ಸಂಕೇತ ಎಲ್ಲಿ ಬೀಳುತ್ತದೆ ಎಂಬುದು. ಆರೋಮ್ಯಾಟಿಕ್ ಭಾಗವೇ ಮುಖ್ಯವಾಗಿರುವ ಅಣುವಿಗೆ ಕ್ಲೋರೋಫಾರ್ಮ್‌ನ 7.26 ಪಿಪಿಎಂ ಗೆರೆ ಅಡ್ಡ ಬರಬಹುದು. ಆಗ ಅಸಿಟೋನ್-ಡಿ6 ಅಥವಾ ಡೈಕ್ಲೋರೋಮೀಥೇನ್-ಡಿ2 ಹಿಡಿಯುವುದು ಲೇಸು. ಬೆನ್ಜೀನ್-ಡಿ6 ಬಗ್ಗೆ ವಿಶೇಷವಾಗಿ ಒಂದು ಮಾತು. ಬೆನ್ಜೀನ್ ಅಣುಗಳು ಸಂಯುಕ್ತದ ಕೆಲವು ಭಾಗಗಳಿಗೆ ಒಂದು ನಿರ್ದಿಷ್ಟ ದಿಕ್ಕಿನಿಂದ ಸಮೀಪಿಸುವುದರಿಂದ, ಆ ಭಾಗಗಳ ಸಂಕೇತಗಳು ಪಿಪಿಎಂನ ಕೆಲವು ದಶಾಂಶಗಳಷ್ಟು ಸರಿಯುತ್ತವೆ. ಕ್ಲೋರೋಫಾರ್ಮ್‌ನಲ್ಲಿ ಒಂದರ ಮೇಲೊಂದು ಬಿದ್ದು ಬಿಡಿಸಲಾಗದ ಗುಂಪುಗಳು ಬೆನ್ಜೀನ್‌ನಲ್ಲಿ ತಾವಾಗಿಯೇ ಬಿಡಿಬಿಡಿಯಾಗಿ ನಿಲ್ಲುವುದನ್ನು ನೋಡುವುದೇ ಒಂದು ಸಂತೋಷ. ಎರಡು ಆಯಾಮದ ಪ್ರಯೋಗಗಳಿಗೆ ಹೋಗುವ ಮೊದಲು ಈ ಸರಳ ಉಪಾಯವನ್ನು ಪ್ರಯತ್ನಿಸಬೇಕು.

ಉಷ್ಣತೆಯನ್ನು ಬದಲಿಸುವ ಪ್ರಯೋಗವಾದರೆ ಕುದಿಬಿಂದು ಮತ್ತು ಹೆಪ್ಪುಗಟ್ಟುವ ಬಿಂದುಗಳನ್ನು ನೋಡಿಕೊಂಡೇ ಮುಂದುವರಿಯಬೇಕು. ಕೆಳಮುಖವಾಗಿ ಹೋಗಲು ಡೈಕ್ಲೋರೋಮೀಥೇನ್-ಡಿ2, ಟಾಲ್ವೀನ್-ಡಿ8, ಮೆಥನಾಲ್-ಡಿ4 ಸೂಕ್ತ. ಇವು ಮೈನಸ್ 90 ಡಿಗ್ರಿ ಸೆಲ್ಸಿಯಸ್ ಆಚೆಗೆ ಮಾತ್ರ ಹೆಪ್ಪುಗಟ್ಟುತ್ತವೆ. ಮೇಲಕ್ಕೆ ಹೋಗಲು 189 ಡಿಗ್ರಿಯಲ್ಲಿ ಕುದಿಯುವ ಡಿಎಂಎಸ್‌ಒ ಇದೆ. ಅಮೈಡ್ ಮತ್ತು ಕಾರ್ಬಮೇಟ್‌ಗಳಲ್ಲಿ ಬಂಧದ ಸುತ್ತಲಿನ ತಿರುಗುವಿಕೆ ನಿಧಾನವಾಗಿದ್ದು ಪ್ರತಿ ಸಂಕೇತವೂ ಜೋಡಿಯಾಗಿ ಕಂಡಾಗ, ಡಿಎಂಎಸ್‌ಒದಲ್ಲಿ 80ರಿಂದ 100 ಡಿಗ್ರಿಗೆ ಕಾಯಿಸಿದರೆ ಜೋಡಿಗಳು ಒಂದಾಗುತ್ತವೆ. ಅದು ಅಶುದ್ಧಿಯಲ್ಲ, ಎರಡು ರೂಪಗಳ ಮಿಶ್ರಣ ಎಂದು ಅದರಿಂದ ಸಿದ್ಧವಾಗುತ್ತದೆ. ಕುದಿಬಿಂದುವಿಗಿಂತ ಕನಿಷ್ಠ 10 ಡಿಗ್ರಿ ಕೆಳಗೇ ನಿಲ್ಲಬೇಕು. ಮುಚ್ಚಳ ಹಾರಿ ದ್ರಾವಕ ಪ್ರೋಬ್‌ನೊಳಗೆ (ಟ್ಯೂಬು ಕೂರುವ, ಅಳತೆಯ ಸುರುಳಿ ಇರುವ ಭಾಗ) ಚೆಲ್ಲಿದರೆ ಆಗುವ ಹಾನಿ ಒಂದು ಮಾದರಿಗೆ ನಿಲ್ಲುವುದಿಲ್ಲ.

ಪ್ರಕಟಿತ ದತ್ತಾಂಶದೊಡನೆ ಹೋಲಿಸುವುದೇ ಉದ್ದೇಶವಾಗಿದ್ದರೆ ಮೇಲಿನ ಲೆಕ್ಕಾಚಾರಗಳೆಲ್ಲ ಹಿಂದೆ ಸರಿಯುತ್ತವೆ: ಅವರು ಬಳಸಿದ ದ್ರಾವಕವನ್ನೇ ಬಳಸಬೇಕು.

ಮಾದರಿಯನ್ನು ಸಿದ್ಧಪಡಿಸುವುದು

ಸಂಯುಕ್ತವನ್ನು ಮೊದಲು ನಿರ್ವಾತದಲ್ಲಿ ಚೆನ್ನಾಗಿ ಒಣಗಿಸಬೇಕು. ಪ್ರೋಟಾನ್ ರೋಹಿತಕ್ಕೆ 5ರಿಂದ 20 ಮಿಲಿಗ್ರಾಮ್, ಇಂಗಾಲದ ರೋಹಿತಕ್ಕೆ ಸಾಧ್ಯವಾದರೆ 30ರಿಂದ 50 ಮಿಲಿಗ್ರಾಮ್ ತೆಗೆದುಕೊಂಡು ಚಿಕ್ಕ ಸೀಸೆಯಲ್ಲಿ ಕರಗಿಸಬೇಕು. ನೇರವಾಗಿ ಟ್ಯೂಬಿಗೆ ಪುಡಿ ಹಾಕಿ ಮೇಲಿಂದ ದ್ರಾವಕ ಸುರಿಯುವವರಿದ್ದಾರೆ; ಆಗ ಕರಗದ ಕಣಗಳು ತಳದಲ್ಲಿ ಉಳಿದದ್ದು ಗಮನಕ್ಕೆ ಬರುವುದಿಲ್ಲ. ಕರಗದೆ ತೇಲುವ ಕಣಗಳು ಸ್ಥಳೀಯವಾಗಿ ಕಾಂತಕ್ಷೇತ್ರವನ್ನು ಕದಡುತ್ತವೆ, ಎಷ್ಟು ಶಿಮ್ಮಿಂಗ್ ಮಾಡಿದರೂ ಗೆರೆಗಳು ಚೂಪಾಗುವುದಿಲ್ಲ. ಆದ್ದರಿಂದ ಪಾಶ್ಚರ್ ಪಿಪೆಟ್ಟಿನ ಕುತ್ತಿಗೆಯಲ್ಲಿ ಗಾಜಿನ ಉಣ್ಣೆಯ ಸಣ್ಣ ಮುದ್ದೆಯನ್ನು ತುರುಕಿ, ದ್ರಾವಣವನ್ನು ಅದರ ಮೂಲಕ ಟ್ಯೂಬಿಗೆ ಸೋಸಿ ಇಳಿಸಬೇಕು. ಹತ್ತಿಯನ್ನು ಬಳಸುವುದಾದರೆ ಮೊದಲು ಅದನ್ನು ದ್ರಾವಕದಿಂದ ತೊಳೆದುಕೊಳ್ಳಬೇಕು, ಏಕೆಂದರೆ ಹತ್ತಿಯಲ್ಲಿರುವ ಜಿಡ್ಡಿನ ಅಂಶ ಕ್ಲೋರೋಫಾರ್ಮ್‌ಗೆ ಬಿಟ್ಟುಕೊಳ್ಳುತ್ತದೆ. ರಬ್ಬರ್ ತುದಿಯ ಪ್ಲಾಸ್ಟಿಕ್ ಸಿರಿಂಜನ್ನು ಇಲ್ಲಿ ಬಳಸಲೇಬಾರದು. ಪ್ಲಾಸ್ಟಿಸೈಜರ್ ಮತ್ತು ಸಿಲಿಕೋನ್ ಅದರಿಂದ ಕರಗಿ ಬರುತ್ತವೆ.

5 ಮಿಲಿಮೀಟರ್ ವ್ಯಾಸದ ಟ್ಯೂಬಿಗೆ 0.6 ಮಿಲಿಲೀಟರ್ ಸರಿಯಾದ ಪ್ರಮಾಣ. ಟ್ಯೂಬಿನಲ್ಲಿ ಅದು 4ರಿಂದ 5 ಸೆಂಟಿಮೀಟರ್ ಎತ್ತರ ನಿಲ್ಲುತ್ತದೆ. ದ್ರಾವಕ ಉಳಿಸಲೆಂದು 0.4 ಮಿಲಿಲೀಟರ್‌ಗೆ ಇಳಿಸಿದರೆ ದ್ರವದ ಮೇಲ್ಮೈ ಅಳತೆಯ ಸುರುಳಿಗೆ ಹತ್ತಿರವಾಗಿ ಶಿಮ್ಮಿಂಗ್ ಕೈಕೊಡುತ್ತದೆ. ಹೆಚ್ಚು ಹಾಕಿದರೆ ಸಂಯುಕ್ತ ಸುರುಳಿಯ ಆಚೆಗೂ ಹರಡಿ ವ್ಯರ್ಥವಾಗುತ್ತದೆ. ಸಂಯುಕ್ತ ತೀರ ಕಡಿಮೆ ಇದ್ದಾಗ ಸರಿಯಾದ ದಾರಿಯೆಂದರೆ 3 ಮಿಲಿಮೀಟರ್ ಟ್ಯೂಬನ್ನು ಬಳಸಿ 0.2 ಮಿಲಿಲೀಟರ್‌ನೊಳಗೆ ಮುಗಿಸುವುದು. ಮುಚ್ಚಳ ಹಾಕಿದ ಮೇಲೆ ಟ್ಯೂಬನ್ನು ಕೆಲವು ಸಲ ತಲೆಕೆಳಗು ಮಾಡಿ ದ್ರಾವಣವನ್ನು ಏಕರೂಪಗೊಳಿಸಬೇಕು, ಹೊರಮೈಯನ್ನು ಒರೆಸಬೇಕು, ಗುರುತಿನ ಚೀಟಿಯನ್ನು ಮುಚ್ಚಳದ ಬಳಿಯಲ್ಲೇ ಅಂಟಿಸಬೇಕು. ಕೆಳಗಿನ ಭಾಗದಲ್ಲಿ ಅಂಟಿಸಿದ ಕಾಗದ ಟ್ಯೂಬಿನ ಸಮತೋಲ ಕೆಡಿಸುತ್ತದೆ.

ಉಪಕರಣದ ತಂತ್ರಾಂಶದಲ್ಲಿ ದ್ರಾವಕದ ಹೆಸರನ್ನು ಸರಿಯಾಗಿ ಆರಿಸುವುದು ಸಣ್ಣ ಕೆಲಸವೆನಿಸಿದರೂ ಪರಿಣಾಮ ದೊಡ್ಡದು. ಟ್ಯೂಬಿನಲ್ಲಿ ಡಿಎಂಎಸ್‌ಒ ಇದ್ದು ಪಟ್ಟಿಯಲ್ಲಿ ಕ್ಲೋರೋಫಾರ್ಮ್ ಆರಿಸಿದರೆ, ಲಾಕ್ ಸಿಕ್ಕರೂ ಇಡೀ ಪಿಪಿಎಂ ಅಳತೆಗೋಲು ಸರಿದುಹೋಗಿರುತ್ತದೆ. ಮೆಥನಾಲ್-ಡಿ4, ಟಾಲ್ವೀನ್-ಡಿ8, ಟಿಎಚ್‌ಎಫ್-ಡಿ8 (ಟೆಟ್ರಾಹೈಡ್ರೋಫ್ಯೂರಾನ್) ಮುಂತಾದವುಗಳಲ್ಲಿ ಒಂದಕ್ಕಿಂತ ಹೆಚ್ಚು ಡ್ಯುಟೀರಿಯಂ ಸಂಕೇತಗಳಿರುವುದರಿಂದ ಉಪಕರಣ ತಪ್ಪು ಸಂಕೇತವನ್ನು ಹಿಡಿದುಕೊಳ್ಳುವ ಸಾಧ್ಯತೆಯೂ ಇದೆ. ಉಳಿಕೆ ಸಂಕೇತ ಇರಬೇಕಾದ ಜಾಗದಲ್ಲಿ ಇದೆಯೇ ಎಂದು ಒಮ್ಮೆ ನೋಡಿದರೆ ತಪ್ಪು ಗೊತ್ತಾಗುತ್ತದೆ. ಲಾಕ್ ಮಟ್ಟ ಸ್ಥಿರವಾಗಿ ನಿಲ್ಲದೆ ಮೇಲೆ ಕೆಳಗೆ ಏರಿಳಿಯುತ್ತಿದ್ದರೆ ಲಾಕ್ ಪವರ್ ಹೆಚ್ಚಾಗಿ ಡ್ಯುಟೀರಿಯಂ ಸಂಕೇತ ಸಂತೃಪ್ತವಾಗಿದೆ ಎಂದು ಅರ್ಥ. ಪವರ್ ಇಳಿಸಿ, ಗೇನ್ ಏರಿಸಬೇಕು.

ಉಳಿಕೆ ಸಂಕೇತವನ್ನು ಓದುವುದು

ಹೆಚ್ಚು ಬಳಕೆಯಲ್ಲಿರುವ ದ್ರಾವಕಗಳ ಉಳಿಕೆ ಸಂಕೇತಗಳು ಬಾಯಿಪಾಠವಾಗಿರಬೇಕು. ಪ್ರೋಟಾನ್ ರೋಹಿತದಲ್ಲಿ ಕ್ಲೋರೋಫಾರ್ಮ್ 7.26, ಡಿಎಂಎಸ್‌ಒ 2.50, ಅಸಿಟೋನ್ 2.05, ಅಸಿಟೋನೈಟ್ರೈಲ್ 1.94, ಮೆಥನಾಲ್ 3.31, ಡೈಕ್ಲೋರೋಮೀಥೇನ್ 5.32, ಬೆನ್ಜೀನ್ 7.16 ಪಿಪಿಎಂ. ಇಂಗಾಲದ ರೋಹಿತದಲ್ಲಿ ಕ್ಲೋರೋಫಾರ್ಮ್ 77.16, ಡಿಎಂಎಸ್‌ಒ 39.52, ಮೆಥನಾಲ್ 49.00, ಅಸಿಟೋನ್ 29.84 ಮತ್ತು 206.26, ಬೆನ್ಜೀನ್ 128.06.

ಇವುಗಳ ಆಕಾರಕ್ಕೂ ಕಾರಣವಿದೆ. ಡ್ಯುಟೀರಿಯಂ ನ್ಯೂಕ್ಲಿಯಸ್ಸಿನ ಸ್ಪಿನ್ 1 ಆಗಿರುವುದರಿಂದ, ಒಂದು ಡ್ಯುಟೀರಿಯಂ ತನ್ನ ನೆರೆಯ ಸಂಕೇತವನ್ನು ಸಮಾನ ಎತ್ತರದ ಮೂರು ಗೆರೆಗಳಾಗಿ ಸೀಳುತ್ತದೆ. ಎರಡು ಇದ್ದರೆ ಐದು, ಮೂರು ಇದ್ದರೆ ಏಳು. ಕ್ಲೋರೋಫಾರ್ಮ್-ಡಿ ಇಂಗಾಲದ ರೋಹಿತದಲ್ಲಿ ಸುಮಾರು 32 ಹರ್ಟ್ಜ್ ಅಂತರದ ಮೂರು ಸಮಾನ ಗೆರೆಗಳಾಗಿ ಕಾಣುವುದಕ್ಕೆ, ಡಿಎಂಎಸ್‌ಒ-ಡಿ6 ಏಳು ಗೆರೆಗಳಾಗಿ ಕಾಣುವುದಕ್ಕೆ ಇದೇ ಕಾರಣ. ಪ್ರೋಟಾನ್ ರೋಹಿತದಲ್ಲಿ ಕಾಣುವುದು ಮಾತ್ರ ಪೂರ್ತಿ ಡ್ಯುಟೀರಿಯಂ ಇರುವ ಅಣುವಲ್ಲ, ಒಂದು ಹೈಡ್ರೋಜನ್ ಉಳಿದುಕೊಂಡ ಅಣು. ಡಿಎಂಎಸ್‌ಒದಲ್ಲಿ ಆ ಹೈಡ್ರೋಜನ್ ಇರುವ ಇಂಗಾಲದ ಮೇಲೆ ಇನ್ನೂ ಎರಡು ಡ್ಯುಟೀರಿಯಂ ಇರುತ್ತವೆ, ಹಾಗಾಗಿ 2.50ರಲ್ಲಿ ಎತ್ತರಗಳು 1:2:3:2:1 ಆಗಿರುವ ಐದು ಗೆರೆಗಳು ಮೂಡುತ್ತವೆ. ಕ್ಲೋರೋಫಾರ್ಮ್‌ನಲ್ಲಿ ಹೈಡ್ರೋಜನ್ ಬಂದರೆ ಡ್ಯುಟೀರಿಯಂಗೆ ಜಾಗವೇ ಇಲ್ಲ, ಆದ್ದರಿಂದ ಒಂಟಿ ಗೆರೆ. ಈ ಐದು ಗೆರೆಗಳ ನಡುವಿನ ಅಂತರ 2 ಹರ್ಟ್ಜ್‌ನಷ್ಟೇ ಇರುವುದರಿಂದ ಅದು ಶಿಮ್ಮಿಂಗ್‌ಗೆ ಪುಕ್ಕಟೆಯಾಗಿ ಸಿಗುವ ಪರೀಕ್ಷೆ: ಡಿಎಂಎಸ್‌ಒ ಅಥವಾ ಅಸಿಟೋನ್‌ನ ಐದೂ ಗೆರೆಗಳು ಬಿಡಿಯಾಗಿ ಕಂಡರೆ ಕ್ಷೇತ್ರ ಚೆನ್ನಾಗಿ ಸಮಗೊಂಡಿದೆ, ಒಂದೇ ದಿಮ್ಮಿಯಂತೆ ಕಂಡರೆ ಸಂಯುಕ್ತದ ಕಪ್ಲಿಂಗ್ ಬೆಲೆಗಳನ್ನು (ಸೀಳಿದ ಗೆರೆಗಳ ನಡುವಿನ ಅಂತರಗಳನ್ನು) ಅಳೆಯುವ ಮೊದಲು ಮತ್ತೆ ಶಿಮ್ಮಿಂಗ್ ಮಾಡಬೇಕು.

ಸೊನ್ನೆಯ ಗುರುತಿಗೆ ಟೆಟ್ರಾಮೀಥೈಲ್‌ಸಿಲೇನ್ ಬೆರೆಸಿದ ದ್ರಾವಕ ಸಿಗುತ್ತದೆ, 0.03 ಶೇಕಡಾ ಸಾಕಷ್ಟಾಗುತ್ತದೆ. ಅದು 27 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಪದೇ ಪದೇ ತೆರೆದ ಬಾಟಲಿಯಲ್ಲಿ ಉಳಿಯುವುದಿಲ್ಲ. ಉಳಿಕೆ ಸಂಕೇತವನ್ನೇ ಆಧಾರವಾಗಿಟ್ಟುಕೊಂಡರೂ ತಪ್ಪಿಲ್ಲ. ಭಾರಜಲದಲ್ಲಿ ಟೆಟ್ರಾಮೀಥೈಲ್‌ಸಿಲೇನ್ ಕರಗದು, ಅಲ್ಲಿ ಡಿಎಸ್‌ಎಸ್ ಎಂಬ ಲವಣವನ್ನು ಬಳಸಬೇಕು. ಭಾರಜಲದ ಉಳಿಕೆ ಸಂಕೇತ 25 ಡಿಗ್ರಿಯಲ್ಲಿ 4.79ರ ಬಳಿ ಇದ್ದರೂ ಪ್ರತಿ ಡಿಗ್ರಿ ಏರಿಕೆಗೆ ಸುಮಾರು 0.01 ಪಿಪಿಎಂನಷ್ಟು ಕೆಳಗಿನ ಬೆಲೆಯತ್ತ ಸರಿಯುವುದರಿಂದ ಅದನ್ನು ಆಧಾರವಾಗಿ ನಂಬುವಂತಿಲ್ಲ. ಭಾರಜಲದಲ್ಲಿ ಇಂಗಾಲವೇ ಇಲ್ಲದ್ದರಿಂದ ಇಂಗಾಲದ ರೋಹಿತಕ್ಕೆ ಒಂದು ಹನಿ ಮೆಥನಾಲ್ ಸೇರಿಸಿ ಅದನ್ನು 49.50ಕ್ಕೆ ಹೊಂದಿಸುವ ರೂಢಿ ಇದೆ.

ನೀರಿನ ಕಾಟ

ಡ್ಯುಟೀರಿಯಂ ದ್ರಾವಕಗಳ ಗುಣಮಟ್ಟವನ್ನು ಕೆಡಿಸುವವುಗಳಲ್ಲಿ ನೀರಿಗೆ ಮೊದಲ ಸ್ಥಾನ. ಡಿಎಂಎಸ್‌ಒ-ಡಿ6ರಲ್ಲಿ ತೂಕದ ಲೆಕ್ಕದಲ್ಲಿ ಶೇಕಡಾ 0.1ರಷ್ಟು ನೀರು ಸೇರಿದರೆ ಅದು ಸುಮಾರು 66 ಮಿಲಿಮೋಲಾರ್; ಪ್ರತಿ ಅಣುವಿಗೆ ಎರಡು ಹೈಡ್ರೋಜನ್. ನಾವು ಮೊದಲು ಲೆಕ್ಕ ಹಾಕಿದ 33 ಮಿಲಿಮೋಲಾರ್ ಸಂಯುಕ್ತದ ಒಂದು ಹೈಡ್ರೋಜನ್‌ಗಿಂತ ಆ ನೀರಿನ ಸಂಕೇತ ನಾಲ್ಕು ಪಟ್ಟು ದೊಡ್ಡದು. ತೆರೆದಿಟ್ಟ ಡಿಎಂಎಸ್‌ಒ ಗಾಳಿಯಿಂದ ತೇವವನ್ನು ಬೇಗ ಹೀರಿಕೊಳ್ಳುತ್ತದೆ, ಅದಕ್ಕಾಗಿಯೇ ಅದು ಒಂದೇ ಬಾರಿಗೆ ಬಳಸುವ ಚಿಕ್ಕ ಗಾಜಿನ ಆಂಪ್ಯೂಲ್‌ಗಳಲ್ಲೂ ಮಾರಾಟವಾಗುತ್ತದೆ. ಮುಖ್ಯವಾದ ಮಾದರಿಗೆ ಆಂಪ್ಯೂಲ್ ಒಡೆಯುವುದೇ ಒಳ್ಳೆಯದೆಂದು ನನ್ನ ಸಲಹೆ.

ನೀರಿನ ಸಂಕೇತ ಎಲ್ಲ ದ್ರಾವಕಗಳಲ್ಲೂ ಒಂದೇ ಕಡೆ ಇರುವುದಿಲ್ಲ. ಕ್ಲೋರೋಫಾರ್ಮ್‌ನಲ್ಲಿ 1.56, ಬೆನ್ಜೀನ್‌ನಲ್ಲಿ 0.40, ಅಸಿಟೋನೈಟ್ರೈಲ್‌ನಲ್ಲಿ 2.13, ಅಸಿಟೋನ್‌ನಲ್ಲಿ 2.84, ಡಿಎಂಎಸ್‌ಒದಲ್ಲಿ 3.33, ಮೆಥನಾಲ್‌ನಲ್ಲಿ 4.87. ಇವು ಶುದ್ಧ ದ್ರಾವಕದ ಬೆಲೆಗಳು; ಮಾದರಿಯಲ್ಲಿ ಆಮ್ಲವೋ ಹೈಡ್ರೋಜನ್ ಬಂಧ ಕೊಡುವ ಗುಂಪುಗಳೋ ಇದ್ದರೆ ಸಂಕೇತ ಸರಿಯುತ್ತದೆ, ಅಗಲವಾಗುತ್ತದೆ. ರೋಹಿತದಲ್ಲಿ ಗುರುತು ಸಿಗದ ಗೆರೆ ಕಂಡಾಗ ಅಶುದ್ಧಿಯನ್ನು ಊಹಿಸುವ ಮೊದಲು, ಅದೇ ಬಾಟಲಿಯ ಬರಿಯ ದ್ರಾವಕದ ರೋಹಿತವನ್ನು ತೆಗೆದು ಪಕ್ಕದಲ್ಲಿಟ್ಟು ನೋಡಬೇಕು. ಪ್ರತಿ ಹೊಸ ಬಾಟಲಿಯನ್ನು ತೆರೆದ ದಿನವೇ ಇಂಥದೊಂದು ರೋಹಿತವನ್ನು ತೆಗೆದಿಡುವ ಪ್ರಯೋಗಾಲಯಕ್ಕೆ ಮುಂದೆ ಬಹಳ ಸಮಯ ಉಳಿಯುತ್ತದೆ.

ನೀರನ್ನು ದೂರವಿಡಲು ಅಸಿಟೋನೈಟ್ರೈಲ್ ಮತ್ತು ಮೆಥನಾಲ್‌ಗೆ 3 ಆಂಗ್‌ಸ್ಟ್ರಾಮ್ ಮಾಲಿಕ್ಯುಲರ್ ಸೀವ್ (ಸೂಕ್ಷ್ಮ ರಂಧ್ರಗಳಲ್ಲಿ ನೀರನ್ನು ಹಿಡಿದುಕೊಳ್ಳುವ ವಸ್ತು) ಹಾಕಿಡಬಹುದು. ಅಸಿಟೋನ್‌ಗೆ ಇದನ್ನು ದೀರ್ಘಕಾಲ ಹಾಕಿಡಬಾರದು. ಸೀವ್‌ನ ಪ್ರತ್ಯಾಮ್ಲೀಯ ಗುಣದಿಂದ ಅಸಿಟೋನ್ ತನ್ನೊಡನೆ ತಾನೇ ಸೇರಿಕೊಂಡು ಹೊಸ ಸಂಯುಕ್ತಗಳಾಗುತ್ತದೆ. ಕ್ಲೋರೋಫಾರ್ಮ್-ಡಿ ಬಾಟಲಿಯನ್ನು ಕಂದು ಗಾಜಿನಲ್ಲಿ, ತಂಪಾದ ಕತ್ತಲೆಯಲ್ಲಿ ಇಡಬೇಕು. ಬೆಳ್ಳಿಯ ತೆಳು ಹಾಳೆಯಾಗಲಿ ನೀರಿಲ್ಲದ ಪೊಟ್ಯಾಸಿಯಂ ಕಾರ್ಬೊನೇಟ್ ಆಗಲಿ ಒಳಗಿದ್ದರೆ ಹುಟ್ಟುವ ಆಮ್ಲವನ್ನು ಅದು ಹಿಡಿದುಕೊಳ್ಳುತ್ತದೆ. ಶೀತಕದಿಂದ ತೆಗೆದ ಬಾಟಲಿಯನ್ನು ಕೋಣೆಯ ಉಷ್ಣತೆಗೆ ಬರುವವರೆಗೆ ತೆರೆಯಬಾರದು, ತೆರೆದರೆ ಗಾಳಿಯ ತೇವ ಒಳಗೆ ಹನಿಗಟ್ಟುತ್ತದೆ. ಡಿಎಂಎಸ್‌ಒ 20 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುವುದರಿಂದ ಅದನ್ನು ಶೀತಕದಲ್ಲಿ ಇಡುವುದರಲ್ಲಿ ಅರ್ಥವಿಲ್ಲ. ಬಾಟಲಿಯಿಂದ ಹೊರತೆಗೆದ ದ್ರಾವಕವನ್ನು ಮತ್ತೆ ಒಳಗೆ ಸುರಿಯಬಾರದು.

ಭಾರಜಲದ ಎರಡು ಬಳಕೆಗಳು

ರೋಹಿತದಲ್ಲಿ ಯಾವ ಸಂಕೇತ ಒಎಚ್ ಅಥವಾ ಎನ್‌ಎಚ್ ಎಂದು ತಿಳಿಯಲು ಭಾರಜಲ ಕುಲುಕುವ ವಿಧಾನ ಈಗಲೂ ಅತ್ಯಂತ ಸರಳ. ಕ್ಲೋರೋಫಾರ್ಮ್-ಡಿಯಲ್ಲಿ ಒಮ್ಮೆ ರೋಹಿತ ತೆಗೆದ ಮೇಲೆ ಅದೇ ಟ್ಯೂಬಿಗೆ ಒಂದೆರಡು ಹನಿ ಭಾರಜಲ ಹಾಕಿ, ಮುಚ್ಚಿ, ಜೋರಾಗಿ ಕುಲುಕಿ, ಪದರಗಳು ಬೇರ್ಪಡುವವರೆಗೆ ಕಾಯಬೇಕು. ಕ್ಲೋರೋಫಾರ್ಮ್-ಡಿಯ ಸಾಂದ್ರತೆ 1.5, ಭಾರಜಲದ್ದು 1.1, ಹೀಗಾಗಿ ಭಾರಜಲ ಮೇಲೆ ತೇಲಿ ಸುರುಳಿಯ ಹಾದಿಯಿಂದ ಹೊರಗುಳಿಯುತ್ತದೆ. ಎರಡನೆಯ ರೋಹಿತದಲ್ಲಿ ಮಾಯವಾದ ಸಂಕೇತಗಳು ವಿನಿಮಯಗೊಂಡ ಹೈಡ್ರೋಜನ್‌ಗಳವು. ಅಮೈಡ್‌ನ ಎನ್‌ಎಚ್ ನಿಧಾನವಾಗಿ ಬದಲಾಗುತ್ತದೆ. ಅದು ಕೂಡಲೇ ಹೋಗದಿದ್ದರೆ ಎನ್‌ಎಚ್ ಅಲ್ಲವೆಂದು ತೀರ್ಮಾನಿಸಬಾರದು. ಪ್ರೋಟೀನ್‌ಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಅಗತ್ಯವಿದೆ: ಎನ್‌ಎಚ್ ಉಳಿಯಬೇಕು, ಲಾಕ್ ಕೂಡ ಬೇಕು. ಆಗ ಸಾಮಾನ್ಯ ನೀರಿಗೆ 5ರಿಂದ 10 ಶೇಕಡಾ ಭಾರಜಲ ಮಾತ್ರ ಸೇರಿಸಿ, ನೀರಿನ ಸಂಕೇತವನ್ನು ಪಲ್ಸ್ ಕ್ರಮದ (ಉಪಕರಣ ಕಳಿಸುವ ರೇಡಿಯೋ ಮಿಡಿತಗಳ ಸರಣಿಯ) ಮೂಲಕ ಅಡಗಿಸುತ್ತಾರೆ. ಪೂರ್ಣ ಭಾರಜಲದಲ್ಲಿ ಬಫರ್ ತಯಾರಿಸುವವರು ಸಾಧಾರಣ ಪಿಎಚ್ ಮೀಟರ್ ತೋರಿಸುವ ಬೆಲೆಗೆ 0.4 ಕೂಡಿಸಿಕೊಳ್ಳಬೇಕು.

ಇನ್‌ಫ್ರಾರೆಡ್ ರೋಹಿತದಲ್ಲಿ ಭಾರಜಲದ ಪಾತ್ರ ಬೇರೆ. ನೀರಿನ ಅಣು ಬಾಗುವ ಕಂಪನ ತರಂಗಸಂಖ್ಯೆ (ಒಂದು ಸೆಂಟಿಮೀಟರ್‌ನಲ್ಲಿರುವ ಅಲೆಗಳ ಸಂಖ್ಯೆ) 1640ರ ಬಳಿ ಬಲವಾಗಿ ಹೀರಿಕೊಳ್ಳುತ್ತದೆ. ಪ್ರೋಟೀನ್‌ನ ರಚನೆಯನ್ನು ಹೇಳುವ ಅಮೈಡ್-1 ಪಟ್ಟಿ 1600ರಿಂದ 1700ರ ನಡುವೆ ಇರುವುದರಿಂದ ನೀರಿನಲ್ಲಿ ಅದು ಮುಳುಗಿಹೋಗುತ್ತದೆ. ಭಾರಜಲದಲ್ಲಿ ಅದೇ ಕಂಪನ 1210ರ ಬಳಿಗೆ ಇಳಿದು ಕಿಟಕಿ ತೆರೆದುಕೊಳ್ಳುತ್ತದೆ. ಅಮೈಡ್ ಪಟ್ಟಿಯೂ ಎನ್‌ಎಚ್ ವಿನಿಮಯದಿಂದ ಸ್ವಲ್ಪ ಕೆಳಗೆ ಸರಿಯುತ್ತದೆ ಎಂಬುದನ್ನು ಹೋಲಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೆಲಸ ಮುಗಿದ ಮೇಲೆ

ಡ್ಯುಟೀರಿಯಂ ಇದೆಯೆಂಬ ಕಾರಣಕ್ಕೆ ದ್ರಾವಕದ ವಿಷಗುಣ ಕಡಿಮೆಯಾಗುವುದಿಲ್ಲ. ಬೆನ್ಜೀನ್-ಡಿ6 ಬೆನ್ಜೀನ್‌ನಷ್ಟೇ ಅಪಾಯಕಾರಿ. ಡಿಎಂಎಸ್‌ಒ ಚರ್ಮದ ಮೂಲಕ ಒಳಸೇರುವಾಗ ತನ್ನಲ್ಲಿ ಕರಗಿದ ಸಂಯುಕ್ತವನ್ನೂ ಜೊತೆಗೆ ಒಯ್ಯುತ್ತದೆ. ತ್ಯಾಜ್ಯದ ವಿಷಯದಲ್ಲಿ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು: ಕ್ಲೋರೋಫಾರ್ಮ್ ಮತ್ತು ಅಸಿಟೋನ್ ಎರಡನ್ನೂ ಒಂದೇ ಬಾಟಲಿಗೆ ಸುರಿಯಬಾರದು. ಪ್ರತ್ಯಾಮ್ಲದ ಅಂಶ ಸೇರಿದರೆ ಇವೆರಡೂ ತೀವ್ರವಾಗಿ ವರ್ತಿಸಿ ಬಾಟಲಿ ಸಿಡಿಯಬಹುದು. ಟ್ಯೂಬಿನ ಕ್ಲೋರೋಫಾರ್ಮ್ ಅನ್ನು ಹ್ಯಾಲೊಜನ್ ತ್ಯಾಜ್ಯಕ್ಕೆ ಸುರಿದು, ಅನಂತರ ಅಸಿಟೋನ್‌ನಿಂದ ತೊಳೆದದ್ದನ್ನು ಬೇರೆ ಬಾಟಲಿಗೆ ಹಾಕಬೇಕು.

ಸಂಯುಕ್ತವನ್ನು ಹಿಂಪಡೆಯಬೇಕಾದಾಗ ಕ್ಲೋರೋಫಾರ್ಮ್, ಅಸಿಟೋನ್, ಮೆಥನಾಲ್ ಸುಲಭವಾಗಿ ಆವಿಯಾಗುತ್ತವೆ. ಡಿಎಂಎಸ್‌ಒ ಹಾಗಲ್ಲ, ನೀರು ಬೆರೆಸಿ ಈಥೈಲ್ ಅಸಿಟೇಟ್‌ನಿಂದ ಸಂಯುಕ್ತವನ್ನು ಎಳೆದುಕೊಳ್ಳಬೇಕು ಅಥವಾ ಫ್ರೀಜ್ ಡ್ರೈ ಮಾಡಬೇಕು. ಟ್ಯೂಬುಗಳನ್ನು ತೊಳೆದ ಮೇಲೆ ಬಿಸಿ ಒಲೆಯಲ್ಲಿ ಗಂಟೆಗಟ್ಟಲೆ ಇಡುವ ಅಭ್ಯಾಸ ಒಳ್ಳೆಯದಲ್ಲ, ತೆಳು ಗಾಜು ಬಾಗಿ ಶಿಮ್ಮಿಂಗ್ ಕೆಡುತ್ತದೆ. ಬ್ರಷ್‌ನಿಂದ ಉಜ್ಜಿದರೆ ಒಳಗೆ ಗೀರು ಬೀಳುತ್ತದೆ. ಸಪಾಟಾಗಿ ಮಲಗಿಸಿ, ನಿರ್ವಾತದಲ್ಲೋ ಒಣ ಸಾರಜನಕದ ಹರಿವಿನಲ್ಲೋ ಒಣಗಿಸಬೇಕು. ಒಣಗಿದೆಯೋ ಇಲ್ಲವೋ ಎಂಬುದನ್ನು ಮುಂದಿನ ರೋಹಿತವೇ ಹೇಳುತ್ತದೆ: ಕ್ಲೋರೋಫಾರ್ಮ್-ಡಿಯಲ್ಲಿ 2.17ರ ಒಂಟಿ ಗೆರೆ ತೊಳೆದ ಅಸಿಟೋನ್‌ನದು, 0.07ರದು ಸಿಲಿಕೋನ್ ಗ್ರೀಸ್‌ನದು, 1.26ರದು ಹೈಡ್ರೋಕಾರ್ಬನ್ ಗ್ರೀಸ್‌ನದು, 5.30ರದು ಡೈಕ್ಲೋರೋಮೀಥೇನ್‌ನದು.